ಸಹಾಯ ಬೇಕು: ಸ್ಟ್ರಾಬೆರಿ ಹಣ್ಣು ಸೊಟ್ಟಗೆ ಬರುತ್ತಿದೆ

ಬೆಂಗಳೂರು, ತಾರಸಿ. ‘ವಿಂಟರ್ ಡಾನ್’ ತಳಿಯ 12 ಗಿಡ, ಅಕ್ಟೋಬರ್‌ನಲ್ಲಿ 8 ಇಂಚಿನ ಕುಂಡಗಳಲ್ಲಿ ನೆಟ್ಟದ್ದು. ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಪಾಲು. 6 ಗಂಟೆ ಬಿಸಿಲು. ಸುಳಿ ಮಣ್ಣಿನ ಮೇಲೇ ಇದೆ (ಹೂತರೆ ಕೊಳೆಯುತ್ತದಲ್ಲ), ಹಬ್ಬುವ ಬಳ್ಳಿಗಳನ್ನು ಆಗಾಗ ಕತ್ತರಿಸಿದ್ದೂ ಆಗಿದೆ.

ಹೂವು ಧಾರಾಳ. ಆದರೆ ಹಣ್ಣು ಒಂದು ಕಡೆ ಮಾತ್ರ ಉಬ್ಬಿ, ತುದಿಯಲ್ಲಿ ಬೀಜಗಳು ಒತ್ತೊತ್ತಾಗಿ ಗಟ್ಟಿಯಾಗಿವೆ. ಪರಾಗ ತಾಗದ ಬೀಜದ ಸುತ್ತ ತಿರುಳು ಊದುವುದಿಲ್ಲವೆಂದು ಬೆಳಿಗ್ಗೆ 10ರ ಸುಮಾರಿಗೆ ಮೆತ್ತನೆ ಬ್ರಷ್ ಆಡಿಸಿದರೂ ಅರ್ಧಕ್ಕರ್ಧ ಹೀಗೇ. ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ) ಕಾಟವೋ, ಬೋರಾನ್ ಎಂಬ ಸೂಕ್ಷ್ಮ ಪೋಷಕಾಂಶದ ಕೊರತೆಯೋ? ಬೋರಾನ್ ತುಸು ಹೆಚ್ಚಾದರೂ ಎಲೆಯಂಚು ಸುಡುತ್ತದೆ, ಊಹೆಯ ಮೇಲೆ ಸುರಿಯುವ ಹಾಗಿಲ್ಲ. ಎಳೆಯ ಎಲೆ, ಹೂವು ನೋಡಿಯೇ ಇವೆರಡನ್ನು ಬೇರ್ಪಡಿಸುವ ಗುರುತು ಬಲ್ಲವರು ದಯವಿಟ್ಟು ತಿಳಿಸಿ. ಸಿಂಪಡಿಸುವುದಾದರೆ ಲೀಟರಿಗೆ ಎಷ್ಟು ಗ್ರಾಂ ಎಂಬುದನ್ನೂ.