ಸಿಮ್ಯುಲೇಶನ್ನಿನ ಹೇಲೋಗಳನ್ನು ಎಲ್ಲಿಯವರೆಗೆ ನಂಬಬಹುದು?

ಪ್ರಶ್ನೆ: ಬರೀ ಡಾರ್ಕ್ ಮ್ಯಾಟರ್ ಇರುವ ಎನ್-ಬಾಡಿ ಸಿಮ್ಯುಲೇಶನ್ (ಗುರುತ್ವದಿಂದ ಒಂದನ್ನೊಂದು ಎಳೆಯುವ ಕಣಗಳ ಕಂಪ್ಯೂಟರ್ ಲೆಕ್ಕ) ಓಡಿಸಿ, ಅದರ ಹೇಲೋಗಳ (ಡಾರ್ಕ್ ಮ್ಯಾಟರ್ ಮುದ್ದೆಗಳ) ಮೇಲೆ ಗೆಲಾಕ್ಸಿ ಮಾದರಿ ಕೂರಿಸುತ್ತಿದ್ದೇನೆ. ಕಣಗಳನ್ನು 8 ಪಟ್ಟು ಹೆಚ್ಚಿಸಿದರೂ ಹೇಲೋಗಳ ದ್ರವ್ಯರಾಶಿ ಹಂಚಿಕೆ ಹೆಚ್ಚುಕಮ್ಮಿ ಹಾಗೇ ಇದೆ. ಇಷ್ಟು ಸಾಕಾ? ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಉತ್ತರ 1: ಹಂಚಿಕೆಗೆ ಸಾಕು, ಹೇಲೋದ ಒಳಭಾಗಕ್ಕೆ ಸಾಲದು. ಡಾರ್ಕ್ ಮ್ಯಾಟರ್‌ಗೆ ಘರ್ಷಣೆಯಿಲ್ಲ ಅಂತ ನಾವು ಹಿಡಿಯುತ್ತೇವೆ, ಆದರೆ ಕೋಡಿನೊಳಗಿನ ಕಣಗಳು ದೈತ್ಯರು. 2005ರ ಮಿಲೇನಿಯಂ ಸಿಮ್ಯುಲೇಶನ್ನಿನಲ್ಲಿ ಸುಮಾರು 1000 ಕೋಟಿ ಕಣಗಳಿದ್ದವು; ಆಗಲೂ ಒಂದೊಂದರ ತೂಕ 100 ಕೋಟಿ ಸೂರ್ಯರಿಗಿಂತ ಹೆಚ್ಚು. ಇಂಥವು ಒಂದನ್ನೊಂದು ಎಳೆದಾಡಿ ಶಕ್ತಿ ಹಂಚಿಕೊಳ್ಳುತ್ತವೆ, ಕೇಂದ್ರದ ಸಾಂದ್ರತೆ ಸುಳ್ಳುಸುಳ್ಳೇ ಇಳಿಯುತ್ತದೆ. ಸಾಫ್ಟನಿಂಗ್ (ತೀರ ಹತ್ತಿರ ಬಂದ ಕಣಗಳ ಸೆಳೆತವನ್ನು ಕೋಡಿನಲ್ಲಿ ತಗ್ಗಿಸುವ ಅಳತೆ) ಹೆಚ್ಚಿಸಿದರೆ ಇದು ಹೋಗುತ್ತದೆ ಎಂದುಕೊಳ್ಳಬೇಡಿ, ದೂರದ ಕಣಗಳ ಪಾಲೂ ಇದರಲ್ಲಿ ದೊಡ್ಡದೇ. ಪವರ್ ಮತ್ತು ಸಂಗಡಿಗರು 2003ರಲ್ಲಿ ಕೊಟ್ಟ ಅಳತೆಯನ್ನೇ ನಾನು ಬಳಸುವುದು: ಈ ಎಳೆದಾಟದ ಕಾಲಾವಧಿ ವಿಶ್ವದ ವಯಸ್ಸಿಗೆ ಸರಿಸುಮಾರು ಸಮವಾಗುವ ತ್ರಿಜ್ಯ ಕಂಡುಹಿಡಿದು, ಅದರೊಳಗಿನ ಸಾಂದ್ರತೆಯ ಗೆರೆಯನ್ನು ಗ್ರಾಫಿನಲ್ಲಿ ತೋರಿಸುವುದೇ ಇಲ್ಲ. ಬೇಸರದ ಸಂಗತಿ ಏನೆಂದರೆ, ಕಣ 8 ಪಟ್ಟಾದರೆ ಆ ತ್ರಿಜ್ಯ ಇಳಿಯುವುದು ಸುಮಾರು ಅರ್ಧಕ್ಕೆ ಮಾತ್ರ.

ಉತ್ತರ 2: ಅಗ್ಗದ ಪರೀಕ್ಷೆ ಒಂದಿದೆ. ಅದೇ ಆರಂಭಿಕ ಸ್ಥಿತಿಯನ್ನು ಬೇರೆ ಸಂಖ್ಯೆಯ ಕಂಪ್ಯೂಟರ್ ಕೋರ್‌ಗಳಲ್ಲಿ ಓಡಿಸಿ. ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾಗಿ ಕೊನೆಯ ದಶಾಂಶ ಸ್ಥಾನಗಳು ಆಚೀಚೆಯಾಗುತ್ತವೆ, ಕಕ್ಷೆಗಳು ಅಲ್ಲಿಂದ ಕವಲೊಡೆಯುತ್ತವೆ. ಸಣ್ಣ ಉಪಹೇಲೋ (ದೊಡ್ಡ ಹೇಲೋದೊಳಗೆ ಸುತ್ತುವ ಚಿಕ್ಕ ಹೇಲೋ) ಒಂದು ಈ ಓಟದಲ್ಲಿ ಇಲ್ಲಿ, ಆ ಓಟದಲ್ಲಿ ಇನ್ನೆಲ್ಲೋ. ಸರಾಸರಿಗಳು ಮಾತ್ರ ಅಲುಗುವುದಿಲ್ಲ. ಬಿಡಿ ಹೇಲೋ ತೋರಿಸಿ ವಾದ ಮಾಡುವ ಮುನ್ನ ಇದನ್ನು ನೋಡಿ.

ಉತ್ತರ 3: ಉಪಹೇಲೋ ಬಗ್ಗೆ ನನಗೆ ಇನ್ನೂ ಹೆಚ್ಚು ಅನುಮಾನ. ದೊಡ್ಡ ಹೇಲೋ ಸುತ್ತುತ್ತಾ ಅವು ಸವೆದು ಮಾಯವಾಗುತ್ತವಲ್ಲ, ಅದರಲ್ಲಿ ಬಹುಪಾಲು ಕೃತಕ ಎಂದು ವಾನ್ ಡೆನ್ ಬಾಶ್ ಮತ್ತು ಒಗಿಯಾ 2018ರಲ್ಲಿ ತೋರಿಸಿದರು. ಸಾಫ್ಟನಿಂಗ್ ಅತಿಯಾಗಿದ್ದರೆ ತಿರುಳು ಸಡಿಲ. ಕಣಗಳು ಕಡಿಮೆಯಾದಂತೆ ಏರುಪೇರಿನ ಗದ್ದಲವೇ ಸವೆತವನ್ನು ಹೆಚ್ಚಿಸುತ್ತದೆ. ಸ್ಥಿರ ವಿಭವದಲ್ಲಿ (ದೊಡ್ಡ ಹೇಲೋದ ಬದಲಾಗದ ಗುರುತ್ವದಲ್ಲಿ) ಒಂದೇ ಉಪಹೇಲೋ ಸುತ್ತಿಸಿ, ರ‍್ಯಾಂಡಮ್ ಸೀಡ್ (ಕಣಗಳ ಆರಂಭದ ಹಂಚಿಕೆ ನಿರ್ಧರಿಸುವ ಸಂಖ್ಯೆ) ಮಾತ್ರ ಬದಲಿಸುತ್ತಾ ಹೋಗಿ. ಉಳಿದ ದ್ರವ್ಯರಾಶಿ ಓಟದಿಂದ ಓಟಕ್ಕೆ ಚೆದುರತೊಡಗಿದ ಕಡೆ ನಂಬಿಕೆಯ ಗಡಿ ಮುಗಿಯಿತು. ನಿಮ್ಮ 8 ಪಟ್ಟು ಪರೀಕ್ಷೆಯ ತೊಡಕೂ ಇಲ್ಲೇ ಇದೆ: ಎರಡು ಓಟಗಳು ತಾಳೆಯಾದವು ಎಂದ ಮಾತ್ರಕ್ಕೆ ಎರಡೂ ಸರಿಯೆಂದಲ್ಲ. ಗೆಲಾಕ್ಸಿ ಮಾದರಿಯಲ್ಲಿ ಉಪಹೇಲೋ ಕಳೆದುಹೋದ ಕೂಡಲೇ ಗೆಲಾಕ್ಸಿಯನ್ನು ಅಳಿಸಬೇಡಿ; ಅತಿ ಬಿಗಿಯಾಗಿ ಬಂಧಿತವಾಗಿದ್ದ ಕಣವನ್ನು ಹಿಂಬಾಲಿಸಿ ಆರ್ಫನ್ (ಉಪಹೇಲೋ ಇಲ್ಲದ ಅನಾಥ ಗೆಲಾಕ್ಸಿ) ಆಗಿ ಉಳಿಸಿಕೊಳ್ಳಿ. ಇಲ್ಲದಿದ್ದರೆ ಗೆಲಾಕ್ಸಿ ಗುಚ್ಛಗಳ ನಡುಭಾಗದಲ್ಲಿ ಉಪಗ್ರಹ ಗೆಲಾಕ್ಸಿಗಳು ಕಡಿಮೆ ಬೀಳುತ್ತವೆ.

ಉತ್ತರ 4: ಮೇಲಿನದೆಲ್ಲ ಕೋಲ್ಡ್ (ಆರಂಭದಲ್ಲಿ ನಿಧಾನ ಕಣಗಳ) ಡಾರ್ಕ್ ಮ್ಯಾಟರ್‌ಗೆ. ವಾರ್ಮ್ (ಇನ್ನಷ್ಟು ವೇಗದ ಕಣಗಳ) ಡಾರ್ಕ್ ಮ್ಯಾಟರ್ ಮಾಡುತ್ತಿದ್ದರೆ ಕಥೆ ತಿರುಗುಮುರುಗು, ಇಲ್ಲದ ಹೇಲೋಗಳೇ ಹುಟ್ಟುತ್ತವೆ. ತಂತುಗಳ (ಡಾರ್ಕ್ ಮ್ಯಾಟರಿನ ಉದ್ದನೆಯ ಎಳೆಗಳ) ಉದ್ದಕ್ಕೂ ಸಮ ಅಂತರದಲ್ಲಿ ಮಣಿ ಪೋಣಿಸಿದಂತೆ ಸಣ್ಣ ಹೇಲೋಗಳು ಕಂಡರೆ ಅನುಮಾನಿಸಿ. ಆ ಅಂತರ ಆರಂಭಿಕ ಕಣಗಳ ಅಂತರಕ್ಕೆ ಹೊಂದುತ್ತದೆಯೇ ನೋಡಿ. ವಾಂಗ್ ಮತ್ತು ವೈಟ್ 2007ರಲ್ಲೇ ಇದನ್ನು ಬರೆದಿದ್ದಾರೆ. ಕಣ ಹೆಚ್ಚಿಸಿದರೂ ಈ ಹುಸಿ ಹೇಲೋಗಳ ದ್ರವ್ಯರಾಶಿ ಮಿತಿ ಇಳಿಯುವುದು ಕಣಸಂಖ್ಯೆಯ ಘನಮೂಲದ ಲೆಕ್ಕದಲ್ಲಿ, ಅಂದರೆ ನಿಮ್ಮ 8 ಪಟ್ಟಿಗೆ ಸಿಗುವುದು ಅರ್ಧ. ಅಂದಹಾಗೆ, ಸಾಫ್ಟನಿಂಗ್ ಎಷ್ಟು ಇಟ್ಟಿದ್ದೀರಿ?