ರಾಜ್ಯದ ಇಂದಿನ ಜನಸಂಖ್ಯೆ ಎಂದು ಯಾವ ಅಂಕಿಯನ್ನು ಬರೆಯಬೇಕು?

ಪ್ರಶ್ನೆ: ಭದ್ರಾತೀರ

ಮಾನ್ಯರೇ,

ಕಳಸ ತಾಲ್ಲೂಕಿನ ನಮ್ಮ ಊರಿನ ಗ್ರಂಥಾಲಯಕ್ಕಾಗಿ ಒಂದು ಚಿಕ್ಕ ಮಾಹಿತಿ ಪುಸ್ತಿಕೆಯನ್ನು ಸಿದ್ಧಪಡಿಸುತ್ತಿದ್ದೇನೆ. ಮೊದಲ ಪುಟದಲ್ಲೇ ಕೈ ನಿಂತುಬಿಟ್ಟಿದೆ. ಕರ್ನಾಟಕದ ಜನಸಂಖ್ಯೆ ಎಂದು ಒಂದು ಸರ್ಕಾರಿ ಪ್ರಕಟಣೆಯಲ್ಲಿ 6.11 ಕೋಟಿ, ಇನ್ನೊಂದರಲ್ಲಿ 6.68 ಕೋಟಿ ಎಂದಿದೆ. ಭಾಷಣಗಳಲ್ಲಿ ಕೇಳಿಬರುವುದು ಏಳು ಕೋಟಿ. ಮೂರರಲ್ಲಿ ಯಾವುದನ್ನು ಬರೆದರೆ ಓದುವ ಮಕ್ಕಳಿಗೆ ತಪ್ಪು ಹೇಳಿದಂತಾಗುವುದಿಲ್ಲ?

ಅದಕ್ಕಿಂತಲೂ ಹೆಚ್ಚು ಕಾಡುತ್ತಿರುವ ಸಂಗತಿ ನಮ್ಮ ಜಿಲ್ಲೆಯದು. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನರಿದ್ದರು. 2011ರಲ್ಲಿ ಅದು 11,37,961ಕ್ಕೆ ಇಳಿದಿದೆ. ಸಾವಿಗಿಂತ ಹುಟ್ಟು ಹೆಚ್ಚಾಗಿರುವ ಜಿಲ್ಲೆಯಲ್ಲಿ ಜನ ಕಡಿಮೆಯಾದದ್ದು ಹೇಗೆ? ಎಣಿಕೆಯಲ್ಲೇ ಲೋಪವಾಗಿರಬಹುದೇ? ಕಳಸ ತಾಲ್ಲೂಕಿನ ಅಂಕಿಯಂತೂ ಎಲ್ಲಿಯೂ ಸಿಗಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಅಂಕಿಅಂಶದ ಅಧ್ಯಾಪಕಿ

ಭದ್ರಾತೀರ ಅವರಿಗೆ ನಮಸ್ಕಾರ.

ನೀವು ಹೇಳಿದ ಮೂರು ಸಂಖ್ಯೆಗಳು ಮೂರು ಬೇರೆ ಬಗೆಯವು. 6.11 ಕೋಟಿ ಎಂಬುದು ಎಣಿಕೆ. 2011ರ ಮಾರ್ಚ್ 1ರ ಶೂನ್ಯ ಗಂಟೆಗೆ ರಾಜ್ಯದಲ್ಲಿ ಇದ್ದವರೆಂದು ದಾಖಲಾದವರು 6,10,95,297 ಜನ. 6.68 ಕೋಟಿ ಎಂಬುದು 2021ಕ್ಕೆ ಹಾಕಿದ ಮುನ್ನಂದಾಜು; ರಾಷ್ಟ್ರೀಯ ಜನಸಂಖ್ಯಾ ಆಯೋಗದ ತಾಂತ್ರಿಕ ತಂಡವು 2011ರಿಂದ 2036ರವರೆಗೆ ಪ್ರತಿ ರಾಜ್ಯಕ್ಕೂ ಇಂತಹ ಅಂಕಿಗಳನ್ನು ಕೊಟ್ಟಿದೆ. ಏಳು ಕೋಟಿ ಎಂಬುದಕ್ಕೆ ನನಗೆ ಕಾಣುವ ಲೆಕ್ಕ ತೀರ ಸರಳವಾದದ್ದು: 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಬೆಳೆಯಿತು, ಮುಂದಿನ ಹತ್ತು ವರ್ಷಗಳಲ್ಲಿಯೂ ಅಷ್ಟೇ ಬೆಳೆದರೆ 2021ಕ್ಕೆ 7.06 ಕೋಟಿ ಆಗುತ್ತದೆ.

ಈ ಸರಳ ಲೆಕ್ಕಕ್ಕೂ ತಾಂತ್ರಿಕ ತಂಡದ ಲೆಕ್ಕಕ್ಕೂ ನಡುವೆ ಸುಮಾರು 38 ಲಕ್ಷ ಜನರ ಅಂತರವಿದೆ. ಅಷ್ಟು ದೊಡ್ಡ ಅಂತರ ಬರಲು ಕಾರಣ, ಬೆಳವಣಿಗೆಯ ದರವೇ ಇಳಿಯುತ್ತಾ ಬಂದಿರುವುದು. 1981–91ರ ದಶಕದಲ್ಲಿ ಶೇ. 21.1, ಅದರ ಮುಂದಿನ ದಶಕದಲ್ಲಿ ಶೇ. 17.5, ಆಮೇಲೆ ಶೇ. 15.6. ಹಿಂದಿನ ದಶಕದ ದರವನ್ನು ಮುಂದಿನದಕ್ಕೂ ಹಚ್ಚಿದವರು ಪ್ರತಿ ಸಲವೂ ಹೆಚ್ಚೇ ಬರೆದಿದ್ದಾರೆ. ಇಳಿಕೆಯ ಸುಳಿವು 2011ರ ಗಣತಿಯ ಒಳಗೇ ಇತ್ತು: ಹತ್ತು ವರ್ಷಗಳಲ್ಲಿ ರಾಜ್ಯದ ಒಟ್ಟು ಜನಸಂಖ್ಯೆ 82 ಲಕ್ಷದಷ್ಟು ಏರಿದರೂ ಆರು ವರ್ಷದೊಳಗಿನ ಮಕ್ಕಳ ಸಂಖ್ಯೆ 71.8 ಲಕ್ಷದಿಂದ 71.6 ಲಕ್ಷಕ್ಕೆ ಇಳಿದಿತ್ತು. ನನ್ನ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಮೊದಲು ತೋರಿಸುವ ಅಂಕಿ ಇದು. ರಾಜ್ಯ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿ ಆ ಗಣತಿಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ತಾಂತ್ರಿಕ ತಂಡವು ಒಟ್ಟು ಸಂಖ್ಯೆಯನ್ನು ಒಂದೇ ದರದಿಂದ ಗುಣಿಸುವುದಿಲ್ಲ. ಜನರನ್ನು ಐದೈದು ವರ್ಷಗಳ ವಯೋಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪನ್ನೂ ಕಾಲದ ಜೊತೆ ಮುಂದೆ ನಡೆಸುತ್ತದೆ. 2011ರಲ್ಲಿ 20ರಿಂದ 24 ವರ್ಷದವರಾಗಿದ್ದವರಲ್ಲಿ ಬದುಕಿ ಉಳಿದವರು 2016ಕ್ಕೆ 25ರಿಂದ 29ರ ಗುಂಪಿಗೆ ಸೇರುತ್ತಾರೆ. ಹೆರುವ ವಯಸ್ಸಿನ ಸ್ತ್ರೀಯರ ಸಂಖ್ಯೆಯಿಂದ ಹೊಸ ಶಿಶುಗಳ ಲೆಕ್ಕ ಬರುತ್ತದೆ. ಅದಕ್ಕೆ ವಲಸೆಯನ್ನು ಕೂಡಿಸಿ ಕಳೆಯಲಾಗುತ್ತದೆ. ಹುಟ್ಟುಸಾವುಗಳ ದರವು ಮಾದರಿ ನೋಂದಣಿ ವ್ಯವಸ್ಥೆಯಿಂದ ದೊರೆಯುತ್ತದೆ. ಆ ವ್ಯವಸ್ಥೆಯಲ್ಲಿ ಆಯ್ದ ಹಳ್ಳಿ ಮತ್ತು ನಗರಭಾಗಗಳಲ್ಲಿ ಒಬ್ಬರು ವರ್ಷವಿಡೀ ಜನನ ಮರಣಗಳನ್ನು ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಬೇರೊಬ್ಬರು ಬಂದು ಸ್ವತಂತ್ರವಾಗಿ ಸಮೀಕ್ಷೆ ನಡೆಸುತ್ತಾರೆ. ಎರಡೂ ಪಟ್ಟಿಗಳನ್ನು ಹೋಲಿಸಿ, ಹೊಂದದೆ ಉಳಿದವನ್ನು ಮತ್ತೆ ಸ್ಥಳಕ್ಕೆ ಹೋಗಿ ಪರಿಶೀಲಿಸಲಾಗುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಹುಟ್ಟುವ ಮಕ್ಕಳ ಸರಾಸರಿ 1992–93ರಲ್ಲಿ 2.85 ಇತ್ತು, 2019–21ರಲ್ಲಿ 1.7ಕ್ಕೆ ಬಂದಿದೆ. ಒಂದು ತಲೆಮಾರು ತನ್ನ ಸ್ಥಾನವನ್ನು ತಾನೇ ತುಂಬಿಕೊಳ್ಳಲು ಬೇಕಾದ ಸರಾಸರಿ 2.1. ಆದರೂ ಜನಸಂಖ್ಯೆ ಇನ್ನೂ ಏರುತ್ತಿರುವುದಕ್ಕೆ ಮುಖ್ಯ ಕಾರಣ, ಹೆಚ್ಚು ಮಕ್ಕಳಿದ್ದ ಕಾಲದಲ್ಲಿ ಹುಟ್ಟಿದವರು ಈಗ ತಂದೆತಾಯಿಯರಾಗುವ ವಯಸ್ಸಿನಲ್ಲಿದ್ದಾರೆ.

ಈ ವಿಧಾನದ ದುರ್ಬಲ ಕೊಂಡಿ ವಲಸೆ. 2001–11ರಲ್ಲಿ ರಾಜ್ಯ ರಾಜ್ಯಗಳ ನಡುವೆ ಕಂಡ ವಲಸೆಯ ಪ್ರಮಾಣವೇ ಮುಂದೆಯೂ ಇರುತ್ತದೆ ಎಂದು ತಂಡವು ಊಹಿಸಿಕೊಂಡಿದೆ. ಬೆಂಗಳೂರಿಗೆ ಹೊರರಾಜ್ಯಗಳಿಂದ ಬರುವವರು ಆ ದಶಕಕ್ಕಿಂತ ಹೆಚ್ಚಾಗಿದ್ದರೆ 6.68 ಕೋಟಿ ಎಂಬುದು ವಾಸ್ತವಕ್ಕಿಂತ ಕಡಿಮೆಯಾಗಿರುತ್ತದೆ. ಹುಟ್ಟುಸಾವುಗಳಿಗೆ ನೋಂದಣಿ ಇದೆ. ಊರು ಬಿಟ್ಟು ಊರು ಸೇರಿದವರಿಗೆ ಅಂತಹ ನೋಂದಣಿ ನಮ್ಮಲ್ಲಿಲ್ಲ. ಆದುದರಿಂದಲೇ ಹೊಸ ಗಣತಿ ತಡವಾದಷ್ಟೂ ಅಂದಾಜುಗಳು ಸಡಿಲವಾಗುತ್ತವೆ. ಅದರಲ್ಲಿಯೂ ಜಿಲ್ಲೆಯ ಅಂದಾಜು ರಾಜ್ಯದ್ದಕ್ಕಿಂತ ಬೇಗ ಸಡಿಲವಾಗುತ್ತದೆ, ಏಕೆಂದರೆ ಜಿಲ್ಲೆಯ ಗಡಿಯನ್ನು ದಾಟುವವರು ರಾಜ್ಯದ ಗಡಿಯನ್ನು ದಾಟುವವರಿಗಿಂತ ಬಹಳ ಹೆಚ್ಚು.

ನಿಮ್ಮ ಜಿಲ್ಲೆಯ ವಿಷಯಕ್ಕೂ ಇದೇ ಉತ್ತರ. ಹುಟ್ಟು ಸಾವಿಗಿಂತ ಹೆಚ್ಚಿದ್ದೂ ಜನ ಕಡಿಮೆಯಾಗಿದ್ದರೆ, ಉಳಿದ ವ್ಯತ್ಯಾಸವು ಬಹುಪಾಲು ಹೊರಟುಹೋದವರದು. ಅದೇ ದಶಕದಲ್ಲಿ ಕೊಡಗಿನ ಬೆಳವಣಿಗೆಯೂ ಬರೀ ಶೇ. 1.1ರಷ್ಟಿತ್ತು, ಬೆಂಗಳೂರು ನಗರ ಜಿಲ್ಲೆಯದು ಶೇ. 47. ರಾಜ್ಯಕ್ಕೆ ಸೇರಿದ 82 ಲಕ್ಷದಲ್ಲಿ 30 ಲಕ್ಷಕ್ಕೂ ಹೆಚ್ಚು ಜನ ಆ ಒಂದೇ ಜಿಲ್ಲೆಯಲ್ಲಿ ಸೇರಿದರು.

ಉತ್ತರ 2: ನಿವೃತ್ತ ಮೇಷ್ಟ್ರು, ಕೊಪ್ಪ

ಅಧ್ಯಾಪಕಿಯವರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಎಣಿಕೆಯಲ್ಲೇ ಲೋಪವಾಗಿರಬಹುದೇ ಎಂಬ ಭದ್ರಾತೀರ ಅವರ ಪ್ರಶ್ನೆಗೆ, 2001ರಲ್ಲಿಯೂ 2011ರಲ್ಲಿಯೂ ಗಣತಿದಾರನಾಗಿ ಮನೆಮನೆ ತಿರುಗಿದ ನಾನು ಒಂದೆರಡು ಮಾತು ಹೇಳಬೇಕು.

2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಕೆ ನಡೆಯಿತು. ಮನೆಯಿಲ್ಲದವರನ್ನು 28ರ ರಾತ್ರಿ ಎಣಿಸಿದೆವು. ಮಾರ್ಚ್ 1ರಿಂದ 5ರವರೆಗೆ ಮತ್ತೊಂದು ಸುತ್ತು ತಿರುಗಿ, ನಡುವೆ ಹುಟ್ಟಿದವರನ್ನು ಸೇರಿಸಿ ತೀರಿಕೊಂಡವರನ್ನು ತೆಗೆದೆವು. ಆ ದಿನಗಳಲ್ಲಿ ನಮ್ಮ ಭಾಗದ ತೋಟಗಳಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಬೆಳಿಗ್ಗೆ ಲೈನ್ ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಗೆ, ಹೋದರೆ ಬೀಗ; ಸಂಜೆ ಕತ್ತಲಾದ ಮೇಲೆ ಹೋದರೆ ಒಂದೇ ಕೋಣೆಯಲ್ಲಿ ಎರಡು ಕುಟುಂಬ. ಗಣತಿಯ ಅವಧಿಯನ್ನು ಪೂರ್ತಿಯಾಗಿ ಇಲ್ಲೇ ಕಳೆಯುವವರನ್ನು ಇಲ್ಲೇ ಬರೆಯಬೇಕೆಂಬುದು ನಮಗೆ ಕೊಟ್ಟ ನಿಯಮ. ಆದರೆ ಕೊಯ್ಲಿಗೆಂದು ಬಂದವರಲ್ಲಿ ಹಲವರು ತಮ್ಮ ಹೆಸರನ್ನು ಊರಿನಲ್ಲಿಯೇ ಬರೆಸಬೇಕೆಂದು ಪಟ್ಟು ಹಿಡಿಯುತ್ತಿದ್ದರು; ಇಲ್ಲಿ ಬರೆಸಿದರೆ ಅಲ್ಲಿಯ ಪಡಿತರ ತಪ್ಪಿಹೋದೀತೆಂಬ ಭಯ ಅವರಿಗೆ. ಗಣತಿಯ ವಿವರ ಗೋಪ್ಯ, ಪಡಿತರ ಚೀಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಎಷ್ಟು ಸಂಜೆ ವಿವರಿಸಿದ್ದೇನೋ ಲೆಕ್ಕವಿಲ್ಲ. ಹೆಚ್ಚಿನವರು ಕೊನೆಗೆ ಒಪ್ಪಿದರು.

ವಯಸ್ಸಿನ ಕಾಲಂ ಇನ್ನೂ ಕಷ್ಟದ್ದು. ಹಿರಿಯರನ್ನು ಕೇಳಿದರೆ ಐವತ್ತು, ಅರವತ್ತು ಎಂದೇ ಉತ್ತರ. ದೊಡ್ಡ ಮಗನ ವಯಸ್ಸು, ಮದುವೆಯಾದ ಕಾಲ, ದೊಡ್ಡ ಮಳೆ ಬಂದ ವರ್ಷ ಇವನ್ನೆಲ್ಲ ಕೇಳಿ ಹೊಂದಿಸುತ್ತಿದ್ದೆವು. ಅಧ್ಯಾಪಕಿಯವರು ಹೇಳಿದ ವಯೋಗುಂಪುಗಳು ಇಂತಹ ಉತ್ತರಗಳಿಂದ ಕಟ್ಟಿದವು ಎಂಬುದನ್ನು ಮರೆಯಬಾರದು.

ಬಿಟ್ಟುಹೋದವರು ಇದ್ದೇ ಇರುತ್ತಾರೆ, ಮತ್ತು ಅದನ್ನು ಅಳೆಯುವ ಏರ್ಪಾಡೂ ಇದೆ. ಗಣತಿ ಮುಗಿದ ಮೇಲೆ ಆಯ್ದ ಕೆಲವು ಬ್ಲಾಕುಗಳಲ್ಲಿ ಮತ್ತೆ ಸಮೀಕ್ಷೆ ಮಾಡಿ ಹೋಲಿಸುತ್ತಾರೆ. 2011ರಲ್ಲಿ ದೇಶದ ಮಟ್ಟದಲ್ಲಿ ಸಾವಿರಕ್ಕೆ ಸುಮಾರು 23 ಜನ ಬಿಟ್ಟುಹೋಗಿದ್ದರು ಎಂದು ತಿಳಿದುಬಂತು. 2001ರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಎರಡು ಗಣತಿಗಳಲ್ಲಿಯೂ ಲೋಪ ಒಂದೇ ಪ್ರಮಾಣದಲ್ಲಿದ್ದರೆ, ನಡುವಿನ ಏರಿಳಿತವನ್ನು ಒಂದು ಮಟ್ಟಿಗೆ ನಂಬಬಹುದು. ಆದರೆ ಚಿಕ್ಕಮಗಳೂರಿನ ಇಳಿಕೆ ಮೂರು ಸಾವಿರಕ್ಕೂ ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದು ಜಿಲ್ಲೆ ಕುಗ್ಗಿತು ಎಂದು ಬರೆಯುವುದಕ್ಕಿಂತ, ಹತ್ತು ವರ್ಷ ಬೆಳೆಯದೆ ನಿಂತಿತು ಎಂದು ಬರೆಯುವುದು ಸರಿ ಎಂದು ನನಗೆ ತೋರುತ್ತದೆ.

ಉತ್ತರ 3: ಕರಾವಳಿಯ ಓದುಗ

ಮೇಷ್ಟ್ರ ಮಾತಿಗೆ ಪೂರಕವಾಗಿ ಒಂದು ಅಂಶ. ವಲಸೆಯನ್ನು ನೇರವಾಗಿ ಎಣಿಸಲಾಗದಿದ್ದರೂ ಅದರ ಗುರುತು ಬೇರೆ ಅಂಕಿಗಳಲ್ಲಿ ಉಳಿಯುತ್ತದೆ. 2011ರಲ್ಲಿ ಇಡೀ ರಾಜ್ಯದಲ್ಲಿ ಸಾವಿರ ಪುರುಷರಿಗೆ 973 ಮಹಿಳೆಯರಿದ್ದರೆ, ನಮ್ಮ ಉಡುಪಿ ಜಿಲ್ಲೆಯಲ್ಲಿ 1,094 ಮಹಿಳೆಯರಿದ್ದರು. ಮುಂಬೈಗೂ ಕೊಲ್ಲಿ ರಾಷ್ಟ್ರಗಳಿಗೂ ಬೆಂಗಳೂರಿಗೂ ದುಡಿಯಲು ಹೋದ ಗಂಡಸರನ್ನು ಆ ಸಂಖ್ಯೆಯಲ್ಲಿ ಕಾಣಬಹುದು.

ಪ್ರಶ್ನೆ ಕೇಳಿದವರ ಮರುಮಾತು: ಭದ್ರಾತೀರ

ಮೂವರಿಗೂ ಮನಃಪೂರ್ವಕ ವಂದನೆಗಳು. ಮೇಷ್ಟ್ರೇ, ನಿಮ್ಮ ಸಲಹೆಯಂತೆ "ಬೆಳೆಯದೆ ನಿಂತಿತು" ಎಂದೇ ಬರೆಯುತ್ತೇನೆ. ನಮ್ಮ ತರಗತಿಯಲ್ಲಿ ಓದಿದವರಲ್ಲಿ ಊರಿನಲ್ಲಿ ಉಳಿದವರು ನಾಲ್ಕೇ ಜನ. ಮಿಕ್ಕವರು ಯಾವ ಅಂಕಿಯಲ್ಲಿ ಸೇರಿದ್ದಾರೆ ಎಂಬುದು ಈಗ ಅರ್ಥವಾಯಿತು. ಕಳಸ ತಾಲ್ಲೂಕಿನ ಅಂಕಿಗೆ ಏನು ಮಾಡಲಿ?

ಉತ್ತರ 4: ಅಂಕಿಅಂಶದ ಅಧ್ಯಾಪಕಿ

ಕಳಸ 2011ರಲ್ಲಿ ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು; ಅಜ್ಜಂಪುರ ತರೀಕೆರೆಗೆ ಸೇರಿದ್ದ ಹಾಗೆ. ಎರಡೂ ತಾಲ್ಲೂಕುಗಳಾದದ್ದು ಆ ಗಣತಿಯ ಅನಂತರ, ಆದುದರಿಂದ ಅವುಗಳ ಹೆಸರಿನಲ್ಲಿ ಸಿದ್ಧ ಅಂಕಿ ಇಲ್ಲ. ಬಳ್ಳಾರಿಯ 2011ರ ಅಂಕಿಯಲ್ಲಿ ಇಂದಿನ ವಿಜಯನಗರ ಜಿಲ್ಲೆಯ ಹೆಚ್ಚಿನ ಭಾಗವೂ ಸೇರಿರುವುದು ಇದೇ ಕಾರಣಕ್ಕೆ. ಆದರೆ ಗ್ರಾಮವಾರು ಅಂಕಿಗಳು ಪ್ರಕಟವಾಗಿವೆ. ಈಗಿನ ಕಳಸ ತಾಲ್ಲೂಕಿನ ಗ್ರಾಮಗಳ ಪಟ್ಟಿಯನ್ನು ತಾಲ್ಲೂಕು ಕಚೇರಿಯಿಂದ ಪಡೆದು, 2011ರ ಗಣತಿಯ ಪಟ್ಟಿಯಲ್ಲಿ ಅವೇ ಗ್ರಾಮಗಳನ್ನು ಗುರುತಿಸಿ ಕೂಡಿಸಿರಿ. ಹೆಸರು ಒಂದೇ ಇರುವ ಗ್ರಾಮಗಳು ಸಿಗಬಹುದು, ಆದ್ದರಿಂದ ಗ್ರಾಮದ ಸಂಕೇತ ಸಂಖ್ಯೆಯನ್ನು ನೋಡಿ ಹೊಂದಿಸುವುದು ಉತ್ತಮ.

ಮೊದಲ ಪುಟದಲ್ಲಿ "2011ರ ಜನಗಣತಿಯಂತೆ 6,10,95,297, 2021ಕ್ಕೆ ಮಾಡಿದ ಮುನ್ನಂದಾಜಿನಂತೆ ಸುಮಾರು 6.68 ಕೋಟಿ" ಎಂದು ಎರಡನ್ನೂ ವರ್ಷದ ಸಮೇತ ಬರೆಯಿರಿ. ಮುಂದಿನ ಗಣತಿಯ ಗಣನಾ ಕ್ಷಣ, ಅಂದರೆ ಯಾವ ಹೊತ್ತಿಗೆ ಇದ್ದವರನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಆ ಹೊತ್ತು, 2027ರ ಮಾರ್ಚ್ 1 ಎಂದು ನಿಗದಿಯಾಗಿದೆ. ಆ ಪುಟದಲ್ಲಿ ಎರಡು ಸಾಲಿನಷ್ಟು ಜಾಗ ಖಾಲಿ ಬಿಟ್ಟರೆ, ಹೊಸ ಅಂಕಿ ಬಂದ ದಿನ ಗ್ರಂಥಾಲಯಕ್ಕೆ ಬರುವ ಮಕ್ಕಳೇ ಅದನ್ನು ತುಂಬಬಹುದು.