ಅಪ್‌ಡೇಟ್: ಟ್ರಯಲ್ಸ್ ಸೈಕಲ್‌ಗೆ ರಿಜಿಡ್ ಫೋರ್ಕ್ ಹಾಕಿಸಿದೆ

ನನ್ನ 26 ಇಂಚಿನ ಟ್ರಯಲ್ಸ್ ಸೈಕಲ್‌ಗೆ (ಕಾಲು ನೆಲಕ್ಕೆ ಊರದೆ ಬಂಡೆ ಹತ್ತಿಳಿಯೋ ಸೈಕಲ್) ಸ್ಪ್ರಿಂಗ್ ಇರೋ ಸಸ್ಪೆನ್ಷನ್ ಫೋರ್ಕ್ (ಮುಂದಿನ ಗಾಲಿ ಹಿಡಿಯೋ ಕವಲು) ಇರಲಿ ಅನ್ನಲಾ, ಸ್ಪ್ರಿಂಗ್ ಇಲ್ಲದ ರಿಜಿಡ್ ಹಾಕಿಸಲಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಓಡಿಸೋದು ಆನೆಗೊಂದಿ, ಸಾಣಾಪುರದ ಬಂಡೆಗಳ ಮೇಲೆ. "ಮೊದಲು ಎರಡೂ ಫೋರ್ಕ್‌ನ ಉದ್ದ ಅಳೆದು ನೋಡು ತಮ್ಮಾ" ಅಂದ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ವಿಷಯ ಇದ್ದದ್ದೇ ಅಲ್ಲಿ.

ಗಾಲಿಯ ಆಕ್ಸಲ್‌ನಿಂದ ಕ್ರೌನ್‌ವರೆಗೆ (ಫೋರ್ಕ್‌ನ ಎರಡು ಕಾಲು ಮೇಲೆ ಸೇರೋ ಜಾಗ) ಟೇಪ್ ಹಿಡಿದೆ. 80 ಎಂಎಂ ಟ್ರಾವೆಲ್‌ನ (ಒತ್ತಿದರೆ ಅಷ್ಟು ಕುಗ್ಗೋ) ಹಳೇ ಫೋರ್ಕ್ ರಿಜಿಡ್‌ಗಿಂತ ಸುಮಾರು 40 ಎಂಎಂ ಜಾಸ್ತಿ ಉದ್ದ. ಫೋರ್ಕ್ 20 ಎಂಎಂ ಉದ್ದವಾದರೆ ಹೆಡ್ ಆಂಗಲ್ (ಹ್ಯಾಂಡಲ್ ತಿರುಗೋ ಕೊಳವೆಯ ಓರೆ) ಹತ್ತಿರ ಹತ್ತಿರ 1 ಡಿಗ್ರಿ ಮಲಗುತ್ತದೆ. ಅಂದರೆ ನನ್ನದು 2 ಡಿಗ್ರಿ ಮಲಗಿತ್ತು. ನಿಂತಲ್ಲೇ ಬ್ಯಾಲೆನ್ಸ್ ಮಾಡುವಾಗ ಹ್ಯಾಂಡಲ್ ತಾನಾಗಿಯೇ ಪಕ್ಕಕ್ಕೆ ಬೀಳುತ್ತಿದ್ದದ್ದು ಅದಕ್ಕೇ.

ಈಗ ಹ್ಯಾಂಡಲ್ ಹೇಳಿದ ಮಾತು ಕೇಳುತ್ತದೆ. ದೊಡ್ಡ ವ್ಯತ್ಯಾಸ ಕಂಡದ್ದು ಬಂಡೆಯ ಅಂಚಿನಲ್ಲಿ. ಮುಂದಿನ ಗಾಲಿ ಅಂಚಿಗಿಟ್ಟು, ಒತ್ತಿ, ಹಿಂದಿನದನ್ನು ಎತ್ತಬೇಕು. ಮೊದಲು ಆ ಒತ್ತಡವನ್ನೆಲ್ಲ ಸ್ಪ್ರಿಂಗ್ ನುಂಗಿಬಿಡುತ್ತಿತ್ತು, ಆಮೇಲೆ ಬೇಡದ ಹೊತ್ತಿಗೆ ವಾಪಸ್ ತಳ್ಳುತ್ತಿತ್ತು. ಈಗ ಒತ್ತಿದ ಕ್ಷಣಕ್ಕೇ ಎದ್ದೇಳುತ್ತದೆ. ಇದೊಂದಕ್ಕೇ ಬದಲಿಸಿದ್ದು ಸಾರ್ಥಕ, ನಿಜವಾಗಿಯೂ!

ಮಣಿಕಟ್ಟು ನೋಯುತ್ತದೆ, ಸುಳ್ಳು ಹೇಳಲ್ಲ. ಮುಂದಿನ ಟೈರ್‌ಗೆ ಗಾಳಿ ಸ್ವಲ್ಪ ಕಡಿಮೆ ಮಾಡಿದ್ದೇನೆ.

ಇನ್ನೊಂದು: ಮುಂಭಾಗ ತಗ್ಗಿದ್ದರಿಂದ ಬಾಟಮ್ ಬ್ರಾಕೆಟ್ (ಪೆಡಲ್‌ಗಳು ತಿರುಗೋ ಅಚ್ಚಿನ ಜಾಗ) ಕೂಡ ಒಂದೂವರೆ ಸೆಂಟಿಮೀಟರ್‌ನಷ್ಟು ಇಳಿದಿದೆ. ಅಲ್ಲಿ ಚೈನ್ ಚಕ್ರ ಕಾಯೋ ಬ್ಯಾಷ್ ಗಾರ್ಡ್ ಕಲ್ಲಿಗೆ ಮೊದಲಿಗಿಂತ ಜಾಸ್ತಿ ತಾಗುತ್ತಿದೆ. ತಗ್ಗಿದ ಹ್ಯಾಂಡಲ್ ಎತ್ತರಿಸಲು ಎತ್ತರದ ಸ್ಟೆಮ್ (ಹ್ಯಾಂಡಲ್ ಬಾರ್ ಅನ್ನು ಫೋರ್ಕ್‌ಗೆ ಜೋಡಿಸೋ ತುಂಡು) ಹುಡುಕುತ್ತಿದ್ದೇನೆ. ಗಂಗಾವತಿ ಕಡೆ ಯಾರ ಹತ್ತಿರವಾದರೂ ಹಳೇದು ಇದ್ದರೆ ಹೇಳಿ.